ನಿನ್ನೆ ಹೊಂದಿದ ಕೀಲಿ ಇಂದು ಹೊಂದುತ್ತಿಲ್ಲವೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ಜಾಲತಾಣ ಲಿನಕ್ಸ್ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮೂಲಕ ನಡೆಯುತ್ತದೆ. ತಾಣದ ಗುರುತನ್ನು ಖಾತರಿಪಡಿಸುವ ಪ್ರಮಾಣಪತ್ರದ ಅವಧಿ ಮುಗಿಯುತ್ತ ಬಂದಿದ್ದರಿಂದ ಹೊಸದಕ್ಕೆ ಅರ್ಜಿ ಹಾಕಿದೆ. ಸಿಎಸ್‌ಆರ್ (ಪ್ರಮಾಣಪತ್ರದ ಅರ್ಜಿ) ತಯಾರಿಸುವ ಕಮಾಂಡ್ ಕೊಟ್ಟು, ಬಂದ ಪಠ್ಯವನ್ನು ಪ್ರಮಾಣೀಕರಣ ಸಂಸ್ಥೆಯ ತಾಣದಲ್ಲಿ ಅಂಟಿಸಿದೆ. ಆಮೇಲೆ, ಫೈಲ್ ಸರಿಯಾಗಿ ಉಳಿದಿದೆಯೋ ಇಲ್ಲವೋ ಎಂಬ ಅನುಮಾನದಿಂದ ಅದೇ ಕಮಾಂಡನ್ನು ಮತ್ತೊಮ್ಮೆ ಕೊಟ್ಟೆ. ಪ್ರಮಾಣಪತ್ರ ಬಂದ ಮೇಲೆ ಅಳವಡಿಸಿ ಎಂಜಿನ್‌ಎಕ್ಸ್ ಅನ್ನು ರೀಸ್ಟಾರ್ಟ್ ಮಾಡಿದರೆ ‘ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್’ (ಕೀಲಿಗಳು ಹೊಂದುತ್ತಿಲ್ಲ) ಎಂದು ಅದು ಏಳಲೇ ಇಲ್ಲ. ಹೊಸ ಸಿಎಸ್‌ಆರ್ ಕೊಟ್ಟು ಪ್ರಮಾಣಪತ್ರವನ್ನು ಮತ್ತೆ ಪಡೆದೆ; ಸರ್ವರ್ ಎದ್ದಿತು. ಆದರೆ ಕಚೇರಿಯ ಕಂಪ್ಯೂಟರುಗಳಲ್ಲಿ ಚೆನ್ನಾಗಿ ತೆರೆಯುವ ತಾಣಕ್ಕೆ ನಮ್ಮದೇ ಆಂಡ್ರಾಯ್ಡ್ ಆ್ಯಪ್ ಸಂಪರ್ಕ ಸಾಧಿಸುತ್ತಿಲ್ಲ. ನಮ್ಮಿಂದ ಮಾಹಿತಿ ಪಡೆಯುವ ಇನ್ನೊಂದು ಸಂಸ್ಥೆಯ ಸರ್ವರ್ ‘ಅನೇಬಲ್ ಟು ಗೆಟ್ ಲೋಕಲ್ ಇಶ್ಯುಯರ್ ಸರ್ಟಿಫಿಕೇಟ್’ ಎನ್ನುತ್ತಿದೆ. ಪ್ರಮಾಣೀಕರಣ ಸಂಸ್ಥೆಯ ಪ್ರಮಾಣಪತ್ರಗಳಿರುವ ಬಂಡಲ್ ಫೈಲನ್ನೂ ಸೇರಿಸಬೇಕೆಂದು ಪರಿಚಿತರೊಬ್ಬರು ಹೇಳಿದ್ದರಿಂದ ಎರಡನ್ನೂ ಒಂದೇ ಫೈಲಿಗೆ ಹಾಕಿದೆ. ಈಗ ಮತ್ತೆ ಅದೇ ‘ಮಿಸ್‌ಮ್ಯಾಚ್’. ನಿನ್ನೆ ಹೊಂದಿದ ಕೀಲಿ ಇಂದು ಏಕೆ ಹೊಂದುವುದಿಲ್ಲ? ನೋಡಲು ಅನುಕೂಲವಾಗಲೆಂದು ಎಲ್ಲ ಫೈಲುಗಳನ್ನೂ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಕೀಲಿಗೆ ಏನೂ ಆಗಿಲ್ಲ. ಮೊದಲ ದಿನ ಕಂಡ ದೋಷವೂ ಇಂದು ಕಂಡ ದೋಷವೂ ಅಕ್ಷರಶಃ ಒಂದೇ ಸಾಲಿನಲ್ಲಿ ಬಂದಿವೆ, ಆದರೆ ಅವುಗಳ ಕಾರಣಗಳು ಬೇರೆ ಬೇರೆ. ಮೊದಲ ದಿನ ಕೀಲಿಯೇ ಬೇರೆಯಾಗಿತ್ತು. ಇಂದು ಕೀಲಿ ಸರಿಯಾಗಿಯೇ ಇದ್ದು, ಫೈಲಿನೊಳಗೆ ಪ್ರಮಾಣಪತ್ರಗಳ ಕ್ರಮ ತಲೆಕೆಳಗಾಗಿದೆ. ಆದ್ದರಿಂದ ಈ ದೋಷವನ್ನು ಬಿಡಿಸಲು ಮೂರನೆಯ ಅರ್ಜಿಯ ಅಗತ್ಯವಿಲ್ಲ. ಬೇರೊಂದು ಕಾರಣಕ್ಕೆ ಅದು ಬೇಕಾಗಿಯೇ ಬಂದಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನಡೆದದ್ದೇನು ಎಂಬುದು ಸ್ಪಷ್ಟವಾಗಬೇಕು, ಇಲ್ಲವಾದರೆ ಮೂರನೆಯ ಸಲವೂ ಇದೇ ಸುತ್ತಿಗೆ ಬೀಳುತ್ತೀರಿ.

ಸಿಎಸ್‌ಆರ್ ತಯಾರಿಸುವಾಗ ಕೊಡುವ ಕಮಾಂಡ್ ವಾಸ್ತವದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. ಒಂದು ಖಾಸಗಿ ಕೀಲಿಯನ್ನು ಯಾದೃಚ್ಛಿಕವಾಗಿ ಹುಟ್ಟಿಸುತ್ತದೆ. ಬಳಿಕ ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯನ್ನೂ ತಾಣದ ಹೆಸರನ್ನೂ ಒಂದು ಅರ್ಜಿಯಲ್ಲಿಟ್ಟು, ಅದಕ್ಕೆ ಆ ಖಾಸಗಿ ಕೀಲಿಯಿಂದಲೇ ಸಹಿ ಹಾಕುತ್ತದೆ. ಪ್ರಮಾಣೀಕರಣ ಸಂಸ್ಥೆಗೆ ಹೋಗುವುದು ಆ ಅರ್ಜಿ ಮಾತ್ರ. ಖಾಸಗಿ ಕೀಲಿ ನಿಮ್ಮ ಸರ್ವರ್‌ನಲ್ಲಿಯೇ ಉಳಿಯುತ್ತದೆ, ಅದರ ಪ್ರತಿ ಸಂಸ್ಥೆಯ ಬಳಿ ಇರುವುದಿಲ್ಲ. ಮರಳಿ ಬರುವ ಪ್ರಮಾಣಪತ್ರ ಹೇಳುವುದೂ ಇಷ್ಟೇ: ಈ ಸಾರ್ವಜನಿಕ ಕೀಲಿ ಈ ಹೆಸರಿನ ತಾಣಕ್ಕೆ ಸೇರಿದ್ದು. ನೀವು ಅದೇ ಕಮಾಂಡನ್ನು ಅದೇ ಫೈಲ್ ಹೆಸರುಗಳೊಂದಿಗೆ ಎರಡನೆಯ ಸಲ ಕೊಟ್ಟಾಗ ಸಂಪೂರ್ಣ ಹೊಸ ಜೋಡಿಯೊಂದು ಹುಟ್ಟಿ, ಹಳೆಯ ಕೀಲಿಯ ಮೇಲೆಯೇ ಬರೆದುಕೊಂಡಿತು. ಸಂಸ್ಥೆಯ ಕೈಯಲ್ಲಿದ್ದದ್ದು ಮೊದಲ ಅರ್ಜಿ, ಸರ್ವರ್‌ನಲ್ಲಿ ಉಳಿದದ್ದು ಎರಡನೆಯ ಕೀಲಿ. ಅಳಿದುಹೋದ ಕೀಲಿಯನ್ನು ಪ್ರಮಾಣಪತ್ರದಿಂದ ಮರಳಿ ಕಟ್ಟಲು ಯಾರಿಗೂ ಸಾಧ್ಯವಿಲ್ಲ. ಹಾಗೆ ಕಟ್ಟಲು ಬಂದರೆ ಈ ಇಡೀ ವ್ಯವಸ್ಥೆಗೇ ಅರ್ಥವಿರುತ್ತಿರಲಿಲ್ಲ. ಬ್ಯಾಕಪ್‌ನಲ್ಲಿ ಮೊದಲ ಕೀಲಿ ಸಿಗದಿದ್ದರೆ ಮರುಅರ್ಜಿಯೊಂದೇ ದಾರಿ. ನೀವು ಅದನ್ನೇ ಮಾಡಿದಿರಿ, ಸರಿಯಾಯಿತು.

ಆದರೆ ಸರಿಯಾದದ್ದು ಏಕೆಂದು ಆಗಲೇ ಪರೀಕ್ಷಿಸಿದ್ದರೆ ಇಂದಿನ ಗೊಂದಲ ಇರುತ್ತಿರಲಿಲ್ಲ. ಕೀಲಿಯೂ ಪ್ರಮಾಣಪತ್ರವೂ ಒಂದಕ್ಕೊಂದು ಸೇರಿದವೇ ಎಂದು ತಿಳಿಯಲು ಸರ್ವರ್ ಅನ್ನು ನಿಲ್ಲಿಸಿ ಎಬ್ಬಿಸಬೇಕಾಗಿಲ್ಲ. ಎರಡರಿಂದಲೂ ಸಾರ್ವಜನಿಕ ಕೀಲಿಯನ್ನು ಹೊರತೆಗೆದು ಹೋಲಿಸಿದರೆ ಸಾಕು. ಪ್ರಮಾಣಪತ್ರದಿಂದ ತೆಗೆಯಲು ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಎಕ್ಸ್509 ಎಂಬ ಉಪಕಮಾಂಡ್‌ಗೆ ಪಬ್‌ಕೀ ಮತ್ತು ನೋಔಟ್ ಎಂಬ ಆಯ್ಕೆಗಳನ್ನು ಕೊಡಬೇಕು. ಖಾಸಗಿ ಕೀಲಿಯಿಂದ ತೆಗೆಯಲು ಪಿಕೀ ಎಂಬ ಉಪಕಮಾಂಡ್‌ಗೆ ಪಬ್‌ಔಟ್ ಆಯ್ಕೆಯನ್ನು ಕೊಡಬೇಕು. ಹಳೆಯ ಕೈಪಿಡಿಗಳು ಮಾಡ್ಯುಲಸ್ ಎಂಬ ಸಂಖ್ಯೆಯನ್ನು ಹೋಲಿಸಲು ಹೇಳುತ್ತವೆ. ಆರ್‌ಎಸ್‌ಎ ಎಂಬ ಬಗೆಯ ಕೀಲಿಗಳಿಗೆ ಅದು ನಡೆಯುತ್ತದೆ, ಈಗ ಸಾಮಾನ್ಯವಾಗಿರುವ ಇಸಿಡಿಎಸ್‌ಎ ಎಂಬ ಬಗೆಯ ಕೀಲಿಗಳಲ್ಲಿ ಮಾಡ್ಯುಲಸ್ ಎಂಬುದೇ ಇರುವುದಿಲ್ಲ. ಸಾರ್ವಜನಿಕ ಕೀಲಿಯ ಹೋಲಿಕೆ ಎರಡಕ್ಕೂ ಅನ್ವಯಿಸುತ್ತದೆ.

ಇಲ್ಲೊಂದು ಹಳ್ಳವಿದೆ, ಅನುಭವಿಗಳೂ ಅದರಲ್ಲಿ ಬಿದ್ದದ್ದನ್ನು ಕಂಡಿದ್ದೇನೆ. 2048 ಬಿಟ್‌ನ ಆರ್‌ಎಸ್‌ಎ ಸಾರ್ವಜನಿಕ ಕೀಲಿಯನ್ನು ಪರದೆಯ ಮೇಲೆ ತೆಗೆದರೆ ಅದು ‘ಎಂಐಐಬಿ’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಜಗತ್ತಿನಲ್ಲಿರುವ ಆ ಅಳತೆಯ ಪ್ರತಿಯೊಂದು ಕೀಲಿಯೂ ಹೀಗೆಯೇ ಆರಂಭವಾಗುತ್ತದೆ, ಮೊದಲ ಸುಮಾರು 44 ಅಕ್ಷರಗಳವರೆಗೂ ವ್ಯತ್ಯಾಸ ಕಾಣುವುದಿಲ್ಲ. ಏಕೆಂದರೆ ಅಲ್ಲಿರುವುದು ಕೀಲಿಯಲ್ಲ, ಮುಂದೆ ಬರುವುದು ಯಾವ ಬಗೆಯ ಕೀಲಿ ಎಂದು ಹೇಳುವ ತಲೆಬರಹ. ಹೀಗಾಗಿ ಸಾಲಿನ ಆರಂಭವನ್ನಷ್ಟೇ ಕಣ್ಣಾಡಿಸಿ ‘ಎರಡೂ ಒಂದೇ’ ಎಂದು ತೀರ್ಮಾನಿಸುವವರು ಮೋಸಹೋಗುತ್ತಾರೆ. ಎರಡೂ ಕಡೆಯ ಪಠ್ಯವನ್ನು ಶಾ256 ಹ್ಯಾಶ್‌ಗೆ (ಪಠ್ಯದ ಬೆರಳಚ್ಚಿನಂಥ ಕಿರು ಗುರುತು ಕೊಡುವ ಲೆಕ್ಕಾಚಾರ) ಹಾಯಿಸಿ, ಬಂದ 64 ಅಕ್ಷರಗಳನ್ನು ಹೋಲಿಸಿ. ಒಂದೇ ಆಗಿದ್ದರೆ ಜೋಡಿ ಸರಿ, ಒಂದು ಅಕ್ಷರ ಬೇರೆಯಾದರೂ ಜೋಡಿ ಅಲ್ಲ. ಸಿಎಸ್‌ಆರ್ ಫೈಲಿನ ಮೇಲೂ ಇದೇ ಪರೀಕ್ಷೆ ನಡೆಸಬಹುದು, ಅದಕ್ಕೆ ರೆಕ್ ಎಂಬ ಉಪಕಮಾಂಡ್ ಇದೆ. ಅನುಮಾನ ಬಂದಾಗ ಕಮಾಂಡನ್ನು ಮತ್ತೆ ಕೊಡುವ ಬದಲು ಕೀಲಿ ಮತ್ತು ಸಿಎಸ್‌ಆರ್ ಹೊಂದುತ್ತವೆಯೇ ಎಂದು ಅರ್ಧ ನಿಮಿಷ ನೋಡಿದ್ದರೆ ನಿಮ್ಮ ಮೊದಲ ಪ್ರಮಾಣಪತ್ರ ವ್ಯರ್ಥವಾಗುತ್ತಿರಲಿಲ್ಲ.

ಇನ್ನು ಇಂದಿನ ದೋಷಕ್ಕೆ ಬರೋಣ. ಎಂಜಿನ್‌ಎಕ್ಸ್‌ಗೆ ಪ್ರಮಾಣಪತ್ರಗಳ ಒಂದೇ ಫೈಲನ್ನು ಕೊಟ್ಟಾಗ ಅದು ಅದರಲ್ಲಿ ಮೊದಲು ಕಾಣುವ ಪ್ರಮಾಣಪತ್ರವನ್ನು ನಿಮ್ಮ ತಾಣದ್ದೆಂದೂ ಉಳಿದವನ್ನು ಅದರ ಹಿಂದಿನ ಸರಪಳಿಯೆಂದೂ ಭಾವಿಸುತ್ತದೆ. ಹೆಸರು ನೋಡಿ ವಿಂಗಡಿಸುವ ಕೆಲಸವನ್ನು ಅದು ಮಾಡುವುದಿಲ್ಲ. ನೀವು ಬಂಡಲ್ ಅನ್ನು ಮೇಲೆ ಹಾಕಿ ನಿಮ್ಮ ಪ್ರಮಾಣಪತ್ರವನ್ನು ಕೆಳಗೆ ಸೇರಿಸಿದ್ದೀರಿ. ಆಗ ಎಂಜಿನ್‌ಎಕ್ಸ್ ನಿಮ್ಮ ಖಾಸಗಿ ಕೀಲಿಯನ್ನು ಪ್ರಮಾಣೀಕರಣ ಸಂಸ್ಥೆಯ ಮಧ್ಯಂತರ ಪ್ರಮಾಣಪತ್ರದೊಂದಿಗೆ (ನಿಮ್ಮ ಪ್ರಮಾಣಪತ್ರಕ್ಕೂ ಸಂಸ್ಥೆಯ ಮೂಲ ಪ್ರಮಾಣಪತ್ರಕ್ಕೂ ನಡುವಿನ ಕೊಂಡಿ) ಹೋಲಿಸಿತು, ಅವು ಹೊಂದುವ ಪ್ರಶ್ನೆಯೇ ಇಲ್ಲ. ಮಧ್ಯಂತರದ್ದು ಆರ್‌ಎಸ್‌ಎ ಕೀಲಿಯಾಗಿದ್ದು ನಿಮ್ಮದು ಇಸಿಡಿಎಸ್‌ಎ ಆಗಿದ್ದರೆ ಸಂದೇಶದಲ್ಲಿ ‘ವ್ಯಾಲ್ಯೂಸ್’ ಬದಲು ‘ಕೀ ಟೈಪ್ ಮಿಸ್‌ಮ್ಯಾಚ್’ ಎಂದು ಬರಬಹುದಿತ್ತು. ನಾನು ಆ ಸುಳಿವನ್ನು ಕಂಡರೆ ಕೀಲಿಯ ಗೊಡವೆಗೇ ಹೋಗದೆ ನೇರವಾಗಿ ಕ್ರಮವನ್ನು ನೋಡುತ್ತೇನೆ. ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲಿಯೂ ನಿಯಮ ಇದೇ. ಅಲ್ಲಿ ಹಿಂದೆ ಸರಪಳಿಗೆಂದೇ ಪ್ರತ್ಯೇಕ ಫೈಲ್ ಕೊಡುವ ನಿರ್ದೇಶನವಿತ್ತು, 2.4.8ನೆಯ ಆವೃತ್ತಿಯಿಂದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕೊಡುವುದು ರೂಢಿ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ನಿಮ್ಮ ತಾಣದ ಪ್ರಮಾಣಪತ್ರ, ಅದರ ಕೆಳಗೆ ಅದಕ್ಕೆ ಸಹಿ ಹಾಕಿದ ಮಧ್ಯಂತರ, ಇನ್ನೊಂದು ಮಧ್ಯಂತರವಿದ್ದರೆ ಅದರ ಕೆಳಗೆ ಅದು. ಸರಪಳಿಯ ತುದಿಯಲ್ಲಿರುವ ರೂಟ್ (ಮೂಲ) ಪ್ರಮಾಣಪತ್ರವನ್ನು ಕಳುಹಿಸುವ ಅಗತ್ಯವಿಲ್ಲ, ಏಕೆಂದರೆ ಸಂಪರ್ಕಿಸುವವರ ಯಂತ್ರದಲ್ಲಿ ಅದು ಮೊದಲೇ ಇದ್ದರೆ ಮಾತ್ರ ನಂಬಿಕೆ ಹುಟ್ಟುತ್ತದೆ. ಇಲ್ಲದಿದ್ದರೆ ನೀವು ಕಳುಹಿಸಿದರೂ ಹುಟ್ಟುವುದಿಲ್ಲ. ಟಿಎಲ್‌ಎಸ್ ಎಂದರೆ ಇಂಥ ಸುರಕ್ಷಿತ ಸಂಪರ್ಕದ ನಿಯಮಾವಳಿ; 2008ರ ಟಿಎಲ್‌ಎಸ್ 1.2 ಈ ಕ್ರಮವನ್ನು ಕಡ್ಡಾಯ ಮಾಡಿತ್ತು. 2018ರ ಟಿಎಲ್‌ಎಸ್ 1.3 ಉಳಿದವುಗಳ ವಿಷಯದಲ್ಲಿ ಸಡಿಲಗೊಳಿಸಿದರೂ ತಾಣದ ಪ್ರಮಾಣಪತ್ರ ಮೊದಲು ಬರಲೇಬೇಕೆಂಬುದನ್ನು ಬಿಟ್ಟುಕೊಟ್ಟಿಲ್ಲ.

ಕ್ರಮ ಸರಿಪಡಿಸುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಪ್ರತಿ ಪ್ರಮಾಣಪತ್ರದ ಮೊದಲ ಸಾಲು ಐದು ಕಿರುಗೆರೆ, ‘ಬಿಗಿನ್ ಸರ್ಟಿಫಿಕೇಟ್’, ಮತ್ತೆ ಐದು ಕಿರುಗೆರೆ; ಕೊನೆಯ ಸಾಲಿನಲ್ಲಿ ‘ಬಿಗಿನ್’ ಜಾಗದಲ್ಲಿ ‘ಎಂಡ್’. ಕೆಲವು ಸಂಸ್ಥೆಗಳು ಕಳುಹಿಸುವ ಫೈಲಿನಲ್ಲಿ ಕೊನೆಯ ಸಾಲಿನ ನಂತರ ಹೊಸ ಸಾಲಿನ ಚಿಹ್ನೆ ಇರುವುದಿಲ್ಲ. ಅಂಥ ಫೈಲಿಗೆ ಕ್ಯಾಟ್ ಕಮಾಂಡ್‌ನಿಂದ ಇನ್ನೊಂದನ್ನು ಜೋಡಿಸಿದರೆ ಒಂದರ ‘ಎಂಡ್’ ಸಾಲಿಗೆ ಇನ್ನೊಂದರ ‘ಬಿಗಿನ್’ ಸಾಲು ಅಂಟಿಕೊಂಡು ನಡುವೆ ಹತ್ತು ಕಿರುಗೆರೆಗಳ ಒಂದೇ ಪಟ್ಟಿ ಕಾಣುತ್ತದೆ. ಆಗ ದೂರು ‘ಬ್ಯಾಡ್ ಎಂಡ್ ಲೈನ್’ ಎಂದು ಬರುತ್ತದೆ. ಎಡಿಟರ್‌ನಲ್ಲಿ ತೆರೆದು ಐದು ಕಿರುಗೆರೆಗಳ ನಂತರ ಎಂಟರ್ ಒತ್ತಿದರೆ ಮುಗಿಯಿತು. ‘ನೋ ಸ್ಟಾರ್ಟ್ ಲೈನ್’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣವಿರುತ್ತದೆ. ಒಂದೋ ಫೈಲ್ ಡರ್ ಎಂಬ ದ್ವಿಮಾನ ರೂಪದಲ್ಲಿದೆ, ಅದನ್ನು ಪೆಮ್ ಎಂಬ ಪಠ್ಯ ರೂಪಕ್ಕೆ ಪರಿವರ್ತಿಸಿಕೊಳ್ಳಬೇಕು. ಇಲ್ಲವೇ ವಿಂಡೋಸ್‌ನ ನೋಟ್‌ಪ್ಯಾಡ್‌ನಂಥ ತಂತ್ರಾಂಶದಲ್ಲಿ ತೆರೆದು ಉಳಿಸುವಾಗ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟುಗಳ ಬಿಒಎಂ ಗುರುತು ಸೇರಿಕೊಂಡಿದೆ. ಪರದೆಯಲ್ಲಿ ಎಷ್ಟು ದಿಟ್ಟಿಸಿದರೂ ಅದು ಕಾಣದು, ಹೆಕ್ಸ್ ರೂಪದಲ್ಲಿ ತೆರೆದರೆ ಮೊದಲಲ್ಲೇ ಕಾಣುತ್ತದೆ.

ಈಗ ನಿಮ್ಮ ನಡುವಿನ ಸಮಸ್ಯೆ, ಅಂದರೆ ಬ್ರೌಸರ್ ಒಪ್ಪಿದ್ದನ್ನು ಆ್ಯಪ್ ಒಪ್ಪದಿದ್ದುದು. ಬಹಳ ಜನ ಇದನ್ನು ಆ್ಯಪ್‌ನ ದೋಷವೆಂದೇ ತಿಳಿದು ಅಲ್ಲಿ ಹುಡುಕಾಡುತ್ತಾರೆ. ವಾಸ್ತವದಲ್ಲಿ ಆ್ಯಪ್ ಸರಿಯಾಗಿಯೇ ನಡೆದುಕೊಂಡಿದೆ, ದೋಷವನ್ನು ಮುಚ್ಚಿಟ್ಟದ್ದು ಬ್ರೌಸರ್. ನೀವು ತಾಣದ ಪ್ರಮಾಣಪತ್ರವನ್ನು ಮಾತ್ರ ಕೊಟ್ಟಿದ್ದಿರಿ. ಅದಕ್ಕೆ ಸಹಿ ಹಾಕಿದ್ದು ಮಧ್ಯಂತರ, ಮಧ್ಯಂತರಕ್ಕೆ ಸಹಿ ಹಾಕಿದ್ದು ರೂಟ್. ಸಂಪರ್ಕಿಸುವವರ ಬಳಿ ಇರುವುದು ರೂಟ್ ಮಾತ್ರ. ನಡುವಿನ ಕೊಂಡಿಯನ್ನು ಕೊಡಬೇಕಾದುದು ನಿಮ್ಮ ಸರ್ವರ್‌ನ ಕರ್ತವ್ಯ. ಆದರೆ ಅದು ಸಿಗದಿದ್ದಾಗ ಕ್ರೋಮ್‌ನಂಥ ಬ್ರೌಸರ್‌ಗಳು ಪ್ರಮಾಣಪತ್ರದೊಳಗೇ ಬರೆದಿರುವ ಎಐಎ ವಿಳಾಸಕ್ಕೆ (ಸಹಿ ಹಾಕಿದವರ ಪ್ರಮಾಣಪತ್ರ ಸಿಗುವ ಜಾಗ) ಹೋಗಿ ಮಧ್ಯಂತರವನ್ನು ತಾವೇ ತಂದುಕೊಳ್ಳಬಲ್ಲವು; ಫೈರ್‌ಫಾಕ್ಸ್ ತಿಳಿದಿರುವ ಮಧ್ಯಂತರಗಳನ್ನು ಮುಂಚಿತವಾಗಿಯೇ ಇಳಿಸಿಟ್ಟುಕೊಳ್ಳುತ್ತದೆ. ಈ ಉಪಕಾರದ ಫಲವೆಂದರೆ ತಾಣದ ಒಡೆಯರಿಗೆ ತಮ್ಮ ತಪ್ಪು ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ. ಕರ್ಲ್, ಪೈಥಾನ್ ಅಥವಾ ಜಾವಾದಲ್ಲಿ ಬರೆದ ಸೇವೆಗಳು, ಆಂಡ್ರಾಯ್ಡ್ ಆ್ಯಪ್‌ಗಳು ಸಾಮಾನ್ಯವಾಗಿ ಹೀಗೆ ಹುಡುಕಿಕೊಂಡು ಹೋಗುವುದಿಲ್ಲ. ಕೊಟ್ಟದ್ದರಲ್ಲಿ ಸರಪಳಿ ಪೂರ್ಣವಾಗದಿದ್ದರೆ ಸಂಪರ್ಕವನ್ನು ಮುರಿಯುತ್ತವೆ. ‘ಲೋಕಲ್ ಇಶ್ಯುಯರ್’ ಸಿಗಲಿಲ್ಲ ಎಂಬ ಆ ಸಾಲಿನ ಅರ್ಥವೂ ಇದೇ: ಈ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಯಾರೆಂದು ನನಗೆ ಗೊತ್ತಿಲ್ಲ, ನೀವೂ ತೋರಿಸಲಿಲ್ಲ.

ಇಂಥ ಸಂದರ್ಭದಲ್ಲಿ ‘ಪರಿಶೀಲನೆಯನ್ನೇ ಆಫ್ ಮಾಡಿ’ ಎಂಬ ಸಲಹೆ ಎಲ್ಲಿಂದಲಾದರೂ ಬಂದೇ ಬರುತ್ತದೆ. ಆ ಇನ್ನೊಂದು ಸಂಸ್ಥೆಯವರಿಗೂ ನಿಮ್ಮ ಆ್ಯಪ್ ಬರೆಯುವವರಿಗೂ ಹಾಗೆ ಮಾಡದಂತೆ ದಯವಿಟ್ಟು ಮೊದಲೇ ಹೇಳಿಡಿ. ಪರಿಶೀಲನೆ ಆಫ್ ಮಾಡಿದ ಸಂಪರ್ಕದಲ್ಲಿ ಗೂಢಲಿಪಿ ಇರುತ್ತದೆ, ಆದರೆ ಎದುರಿಗಿರುವವರು ಯಾರೆಂಬ ಖಾತರಿ ಇರುವುದಿಲ್ಲ. ನಡುವೆ ಕುಳಿತ ಯಾರು ಬೇಕಾದರೂ ನಿಮ್ಮ ಸರ್ವರ್‌ನ ವೇಷ ಹಾಕಬಹುದು. ತಾತ್ಕಾಲಿಕವೆಂದು ಹಾಕಿದ ಆ ಒಂದು ಸಾಲು ಕೋಡ್‌ನಲ್ಲಿ ವರ್ಷಗಟ್ಟಲೆ ಉಳಿದುಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆದ್ದರಿಂದ ಬ್ರೌಸರ್‌ನ ಮಾತನ್ನು ಕೊನೆಯ ತೀರ್ಪೆಂದು ಎಣಿಸಬೇಡಿ. ಸರ್ವರ್ ನಿಜವಾಗಿ ಏನನ್ನು ಕೈಗಿಡುತ್ತಿದೆ ಎಂದು ಕೇಳಲು ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಎಂಬ ಉಪಕಮಾಂಡ್ ಇದೆ. ಕನೆಕ್ಟ್ ಆಯ್ಕೆಯಲ್ಲಿ ತಾಣದ ಹೆಸರು ಮತ್ತು 443ನೆಯ ಪೋರ್ಟ್ ಕೊಡಿ. ಸರ್ವರ್‌ನೇಮ್ ಆಯ್ಕೆಯಲ್ಲಿ ತಾಣದ ಹೆಸರನ್ನು ಮತ್ತೊಮ್ಮೆ ಕೊಡಿ. ಶೋಸರ್ಟ್ಸ್ ಎಂದು ಸೇರಿಸಿ. ಸರ್ವರ್‌ನೇಮ್ ಏಕೆಂದರೆ ಒಂದೇ ಐಪಿ ವಿಳಾಸದಲ್ಲಿ ಹಲವು ತಾಣಗಳಿದ್ದಾಗ ಯಾವುದರ ಪ್ರಮಾಣಪತ್ರ ಬೇಕೆಂದು ಹೇಳುವುದು ಆ ಹೆಸರೇ; ಹಳೆಯ ಓಪನ್‌ಎಸ್‌ಎಸ್‌ಎಲ್ ಆವೃತ್ತಿಗಳು ಅದನ್ನು ತಾವಾಗಿ ಕಳುಹಿಸುವುದಿಲ್ಲ, ಆಗ ಯಾವುದೋ ಡೀಫಾಲ್ಟ್ ತಾಣದ ಪ್ರಮಾಣಪತ್ರ ಬಂದು ಇನ್ನೊಂದು ದಿಕ್ಕಿಗೆ ಎಳೆದೊಯ್ಯುತ್ತದೆ.

ಉತ್ತರದಲ್ಲಿ ‘ಸರ್ಟಿಫಿಕೇಟ್ ಚೈನ್’ ಎಂಬ ಭಾಗವನ್ನು ನೋಡಿ. ಸೊನ್ನೆ ಎಂಬ ಅಂಕೆಯ ಎದುರು ‘ಎಸ್’ ಎಂದಿರುವ ಸಾಲಿನಲ್ಲಿ ಪ್ರಮಾಣಪತ್ರ ಯಾರದ್ದು ಎಂಬುದೂ ಅದರ ಕೆಳಗೆ ‘ಐ’ ಎಂದಿರುವ ಸಾಲಿನಲ್ಲಿ ಕೊಟ್ಟವರು ಯಾರು ಎಂಬುದೂ ಇರುತ್ತದೆ. ಸೊನ್ನೆಯ ‘ಐ’ ಸಾಲು ಒಂದರ ‘ಎಸ್’ ಸಾಲಿಗೆ ಸಮನಾಗಿರಬೇಕು, ಒಂದರ ‘ಐ’ ಎರಡರ ‘ಎಸ್’ಗೆ, ಹೀಗೆ ಮೆಟ್ಟಿಲಿಳಿದಂತೆ ಓದಿಕೊಂಡು ಹೋಗಬೇಕು. ನಿಮ್ಮ ನಿನ್ನೆಯ ಸ್ಥಿತಿಯಲ್ಲಿ ಅಲ್ಲಿ ಸೊನ್ನೆ ಮಾತ್ರ ಇದ್ದು, ಒಂದು ಇರುತ್ತಿರಲಿಲ್ಲ. ಕೊನೆಗೆ ‘ವೆರಿಫೈ ರಿಟರ್ನ್ ಕೋಡ್’ ಎಂಬ ಸಾಲಿದೆ. ಅದು 0 ಆಗಿದ್ದರೆ ಸರಪಳಿ ಪೂರ್ಣ, 20 ಅಥವಾ 21 ಆಗಿದ್ದರೆ ಕೊಂಡಿ ಎಲ್ಲೋ ಕಳಚಿದೆ, 10 ಆಗಿದ್ದರೆ ಅವಧಿ ಮುಗಿದಿದೆ. ಈ ಪರೀಕ್ಷೆಯನ್ನು ಸರ್ವರ್‌ನ ಒಳಗಿನಿಂದ ಅಲ್ಲದೆ ಹೊರಗಿನ ಬೇರೊಂದು ಯಂತ್ರದಿಂದ ನಡೆಸಿ.

ಬಂಡಲ್ ಫೈಲ್ ಸೇರಿಸಿದರೂ 20 ಎಂದೇ ಬಂದರೆ ಆ ಬಂಡಲ್ ನಿಮ್ಮದಲ್ಲ. ಸಂಸ್ಥೆಗಳು ಮಧ್ಯಂತರಗಳನ್ನು ಆಗಾಗ ಬದಲಿಸುತ್ತವೆ, ಕಳೆದ ವರ್ಷದ ಬಂಡಲ್ ಈ ವರ್ಷದ ಪ್ರಮಾಣಪತ್ರಕ್ಕೆ ಹೊಂದಬೇಕೆಂದಿಲ್ಲ. ಹಳೆಯ ಬಂಡಲ್‌ನಿಂದ ಆಗುವ ತೊಂದರೆಗೆ ದೊಡ್ಡ ಉದಾಹರಣೆ 2021ರ ಸೆಪ್ಟೆಂಬರ್ 30. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಮಾಣೀಕರಣ ಸಂಸ್ಥೆಯ ಸರಪಳಿ ಅಲ್ಲಿಯವರೆಗೆ ಆಶ್ರಯಿಸಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಹಳೆಯ ರೂಟ್‌ನ ಅವಧಿ ಅಂದು ಮುಗಿಯಿತು. ಹೊಸ ರೂಟ್‌ವರೆಗಿನ ದಾರಿ ತೆರೆದೇ ಇದ್ದರೂ ಓಪನ್‌ಎಸ್‌ಎಸ್‌ಎಲ್ 1.0.2 ಬಳಸುತ್ತಿದ್ದ ಯಂತ್ರಗಳು ಸರಪಳಿಯಲ್ಲಿ ಕಂಡ ಹಳೆಯ ದಾರಿಯನ್ನೇ ಹಿಡಿದು ಹೋಗಿ, ಅದರ ತುದಿಯಲ್ಲಿ ಅವಧಿ ಮುಗಿದ ರೂಟ್ ಕಂಡು, ಸರಿಯಾದ ಪ್ರಮಾಣಪತ್ರಗಳನ್ನೂ ತಿರಸ್ಕರಿಸಿದವು.

ಫೈಲ್ ಸರಿಯಾಗಿದೆ, ಕ್ರಮ ಸರಿಯಾಗಿದೆ, ಆದರೂ ಹೊರಗೆ ಹಳೆಯದೇ ಕಾಣುತ್ತಿದೆ ಎಂಬುದು ಇದರ ಮುಂದಿನ ಮೆಟ್ಟಿಲು. ಅಲ್ಲಿಗೂ ನೀವು ಬರುವ ಸಾಧ್ಯತೆ ಇರುವುದರಿಂದ ಹೇಳುತ್ತೇನೆ. ಎಂಜಿನ್‌ಎಕ್ಸ್ ಪ್ರಮಾಣಪತ್ರವನ್ನು ಆರಂಭದಲ್ಲಿ ಓದಿ ಸ್ಮೃತಿಯಲ್ಲಿಟ್ಟುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಫೈಲ್ ಬದಲಾದರೆ ಅದಕ್ಕೆ ತಿಳಿಯುವುದಿಲ್ಲ, ರೀಲೋಡ್ ಮಾಡಲೇಬೇಕು. ರೀಸ್ಟಾರ್ಟ್ ಅಲ್ಲ, ರೀಲೋಡ್. ಈ ಎರಡರ ವ್ಯತ್ಯಾಸದಲ್ಲಿಯೇ ನಿಮ್ಮ ತಾಣ ಮೊದಲ ದಿನ ಮಲಗಿದ್ದರ ಕಾರಣವಿದೆ. ರೀಲೋಡ್ ಮಾಡುವಾಗ ಹೊಸ ಸಂರಚನೆಯಲ್ಲಿ ತಪ್ಪಿದ್ದರೆ ಎಂಜಿನ್‌ಎಕ್ಸ್ ಲಾಗ್‌ನಲ್ಲಿ ದೂರು ಬರೆದು, ಹಳೆಯ ಸಂರಚನೆಯಲ್ಲಿಯೇ ಸೇವೆಯನ್ನು ಮುಂದುವರಿಸುತ್ತದೆ. ರೀಸ್ಟಾರ್ಟ್ ಮಾಡಿದರೆ ಹಳೆಯದು ಮೊದಲು ನಿಲ್ಲುತ್ತದೆ, ಹೊಸದು ಏಳುವುದಿಲ್ಲ, ತಾಣವೇ ಮಲಗುತ್ತದೆ. ಎಂಜಿನ್‌ಎಕ್ಸ್ ಕಮಾಂಡ್‌ಗೆ ಸಣ್ಣ ಟಿ ಆಯ್ಕೆಯನ್ನು ಕೊಟ್ಟು ಸಂರಚನೆಯನ್ನು ಪರೀಕ್ಷಿಸಿ, ಅದು ಒಪ್ಪಿದ ಮೇಲೆಯೇ ರೀಲೋಡ್ ಮಾಡುವುದನ್ನು ಕೈಯ ರೂಢಿ ಮಾಡಿಕೊಳ್ಳಿ. ದೊಡ್ಡ ಟಿ ಕೊಟ್ಟರೆ ಇಡೀ ಸಂರಚನೆಯನ್ನು ಒಂದೇ ಕಡೆ ಸುರಿಯುತ್ತದೆ. ನೀವು ತಿದ್ದುತ್ತಿರುವ ಫೈಲನ್ನು ಅದು ನಿಜಕ್ಕೂ ಓದುತ್ತಿದೆಯೇ, ಅದೇ ಹೆಸರಿನ ಇನ್ನೊಂದು ಸರ್ವರ್ ಬ್ಲಾಕ್ ಎಲ್ಲಾದರೂ ಅಡಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಹೊರಗೆ ಕಾಣುವ ಪ್ರಮಾಣಪತ್ರದ ಕ್ರಮಸಂಖ್ಯೆಯನ್ನು ಡಿಸ್ಕ್‌ನಲ್ಲಿರುವ ಫೈಲಿನ ಕ್ರಮಸಂಖ್ಯೆಯೊಂದಿಗೆ ಹೋಲಿಸುವುದು ಈ ಹಂತದ ಅತ್ಯಂತ ವಿಶ್ವಾಸಾರ್ಹ ಪರೀಕ್ಷೆ. ಎಕ್ಸ್509 ಉಪಕಮಾಂಡ್‌ಗೆ ಸೀರಿಯಲ್ ಎಂಬ ಆಯ್ಕೆ ಇದೆ. ಒಮ್ಮೆ ನಾನು ಇಡೀ ಮಧ್ಯಾಹ್ನ ಒಂದು ಸರ್ವರ್ ಅನ್ನು ಹತ್ತು ಸಲ ರೀಲೋಡ್ ಮಾಡಿದ್ದೆ. ಕ್ರಮಸಂಖ್ಯೆಗಳು ಹೊಂದಲಿಲ್ಲ. ಕೊನೆಗೆ ನೋಡಿದರೆ ಟಿಎಲ್‌ಎಸ್ ಸಂಪರ್ಕ ಮುಗಿಯುತ್ತಿದ್ದುದು ಆ ಸರ್ವರ್‌ನಲ್ಲಿ ಅಲ್ಲವೇ ಅಲ್ಲ, ಅದರ ಮುಂದೆ ಕುಳಿತು ಸಂಪರ್ಕಗಳನ್ನು ಸರ್ವರ್‌ಗಳಿಗೆ ಹಂಚುತ್ತಿದ್ದ ಲೋಡ್ ಬ್ಯಾಲೆನ್ಸರ್‌ನಲ್ಲಿ. ಹಳೆಯ ಪ್ರಮಾಣಪತ್ರ ಅಲ್ಲಿ ಹಾಯಾಗಿ ಕುಳಿತಿತ್ತು. ನಿಮ್ಮ ತಾಣದ ಮುಂದೆ ಸಿಡಿಎನ್ (ತಾಣದ ಪ್ರತಿಗಳನ್ನು ಹಲವೆಡೆಯಿಂದ ಹಂಚುವ ಜಾಲ) ಅಥವಾ ಅಂಥ ಬೇರೇನಾದರೂ ಇದ್ದರೆ ಮೊದಲು ಅಲ್ಲಿ ನೋಡಿ.

ಹೆಸರುಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಎರಡೂ ಪ್ರಮಾಣಪತ್ರದ ಎಸ್‌ಎಎನ್ ಎಂಬ ಹೆಸರುಗಳ ಪಟ್ಟಿಯಲ್ಲಿರಬೇಕು. ಕಾಮನ್ ನೇಮ್ ಎಂಬ ಹಳೆಯ ಜಾಗದಲ್ಲಿ ಮಾತ್ರ ಇದ್ದರೆ 2017ರ ಕ್ರೋಮ್ 58ರಿಂದ ಅದಕ್ಕೆ ಬೆಲೆಯಿಲ್ಲ. ಇನ್ನು, ಸೆಲಿನಕ್ಸ್ ಎಂಬ ಲಿನಕ್ಸ್ ಭದ್ರತಾ ವ್ಯವಸ್ಥೆ ಚಾಲ್ತಿಯಲ್ಲಿರುವ ಸರ್ವರ್‌ನಲ್ಲಿ ಹೋಮ್ ಫೋಲ್ಡರ್‌ನಿಂದ ಎಂವಿ ಕಮಾಂಡ್‌ನಲ್ಲಿ ಫೈಲ್ ಸಾಗಿಸಿದರೆ ಹಳೆಯ ಜಾಗದ ಗುರುತುಪಟ್ಟಿ ಅದರ ಬೆನ್ನಿಗೇ ಬರುತ್ತದೆ, ರೂಟ್ ಬಳಕೆದಾರರ ಅನುಮತಿ ಇದ್ದೂ ‘ಪರ್ಮಿಷನ್ ಡಿನೈಡ್’ ಎನ್ನಿಸುತ್ತದೆ. ರೆಸ್ಟೋರ್‌ಕಾನ್ ಕಮಾಂಡ್ ಕೊಟ್ಟರೆ ಅದು ಸರಿಹೋಗುತ್ತದೆ. ಅದಕ್ಕಾಗಿ ಕೀಲಿ ಫೈಲಿಗೆ 777 ಅನುಮತಿ (ಯಾರು ಬೇಕಾದರೂ ಓದಬಹುದು, ಬರೆಯಬಹುದು) ಕೊಡುವ ದುಡುಕು ಬೇಡ.

ಕೊನೆಯದಾಗಿ ನೀವು ಲಗತ್ತಿಸಿದ ಫೈಲುಗಳು. ಅವುಗಳಲ್ಲಿ ಖಾಸಗಿ ಕೀಲಿಯೂ ಇದೆ. ನಾನು ಅದನ್ನು ತೆರೆಯದೆ ಅಳಿಸಿದ್ದೇನೆ, ಆದರೆ ಅದರಿಂದ ಏನೂ ಪರಿಹಾರವಾಗುವುದಿಲ್ಲ. ನಿಮ್ಮ ಇಮೇಲ್‌ನ ಕಳುಹಿಸಿದ ಪತ್ರಗಳಲ್ಲಿ, ನಡುವಿನ ಸರ್ವರ್‌ಗಳಲ್ಲಿ, ಅವುಗಳ ಬ್ಯಾಕಪ್‌ಗಳಲ್ಲಿ ಅದರ ಪ್ರತಿಗಳು ಉಳಿದಿರಬಹುದು, ಎಲ್ಲವನ್ನೂ ಒರೆಸುವುದು ಯಾರ ಕೈಯಲ್ಲೂ ಇಲ್ಲ. ಸರ್ವರ್‌ನಿಂದ ಹೊರಬಿದ್ದ ಕೀಲಿಯನ್ನು ಬಹಿರಂಗವಾದ ಕೀಲಿ ಎಂದೇ ಲೆಕ್ಕ ಹಾಕಬೇಕು. ಇಂಥ ನೆರವು ಕೇಳುವಾಗ ಪ್ರಮಾಣಪತ್ರವನ್ನೂ ಬಂಡಲ್ ಅನ್ನೂ ಧಾರಾಳವಾಗಿ ಕಳುಹಿಸಬಹುದು, ಅವು ಹೇಗೂ ಪ್ರತಿ ಸಂಪರ್ಕದಲ್ಲೂ ಎಲ್ಲರಿಗೂ ಹೋಗುವಂಥವು. ಕೀಲಿಯ ಬದಲು ಮೇಲೆ ಹೇಳಿದ ಶಾ256 ಹ್ಯಾಶ್ ಕಳುಹಿಸಿದರೆ ನನ್ನಂಥವರಿಗೆ ಅಷ್ಟೇ ಸಾಕು.

ಆದ್ದರಿಂದ ಮೂರನೆಯ ಅರ್ಜಿ ಅನಿವಾರ್ಯ. ಹೊಸ ಕೀಲಿಗೆ ದಿನಾಂಕವನ್ನು ಸೇರಿಸಿದ ಹೊಸ ಹೆಸರಿಡಿ, ಆಗ ಹಳೆಯದರ ಮೇಲೆ ಬರೆದುಕೊಳ್ಳುವ ಪ್ರಮಾದ ಮತ್ತೆ ಆಗುವುದಿಲ್ಲ. ಫೈಲಿನ ಒಡೆತನ ರೂಟ್ ಬಳಕೆದಾರರದ್ದಾಗಿರಲಿ, ಅನುಮತಿ 600 (ಒಡೆಯರಿಗೆ ಮಾತ್ರ ಓದುವ, ಬರೆಯುವ ಹಕ್ಕು) ಇರಲಿ. ಎಂಜಿನ್‌ಎಕ್ಸ್‌ನ ಮುಖ್ಯ ಪ್ರಕ್ರಿಯೆ ರೂಟ್ ಆಗಿಯೇ ಕೀಲಿಯನ್ನು ಓದುವುದರಿಂದ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಸಾಧ್ಯವಿದ್ದರೆ ಈ ಸಲವೇ ಆಕ್ಮೆ ವಿಧಾನದ ಸ್ವಯಂಚಾಲಿತ ನವೀಕರಣಕ್ಕೆ ಬದಲಾಯಿಸಿ ಎಂಬುದು ನನ್ನ ಸಲಹೆ. ಪ್ರಮಾಣೀಕರಣ ಸಂಸ್ಥೆಗಳ ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಮ್ 2025ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಧಾರದಂತೆ, 398 ದಿನಗಳಿದ್ದ ಪ್ರಮಾಣಪತ್ರದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್ 15ರಿಂದ 100 ದಿನಕ್ಕೆ, 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಆಗ ಈ ಕೆಲಸವನ್ನೆಲ್ಲ ಪ್ರತಿ ಸಲ ಕೈಯಲ್ಲಿ ಮಾಡುತ್ತ ಕೂರುವುದು ಕಷ್ಟ. ಅಂಥ ನವೀಕರಣದ ತಂತ್ರಾಂಶವಾದ ಸರ್ಟ್‌ಬಾಟ್ ಬಳಸಿದರೆ ಡಿಪ್ಲಾಯ್ ಹುಕ್ ಎಂಬಲ್ಲಿ ಎಂಜಿನ್‌ಎಕ್ಸ್ ರೀಲೋಡ್ ಮಾಡುವ ಕಮಾಂಡನ್ನು ಕೊಡುವುದನ್ನು ಮರೆಯಬೇಡಿ. ಫೈಲ್ ತಾನಾಗಿ ಹೊಸದಾಗಿದ್ದರೂ ಸ್ಮೃತಿಯಲ್ಲಿ ಹಳೆಯದೇ ಉಳಿದು ಅವಧಿ ಮುಗಿದ ತಾಣಗಳು ಬಹಳ. ಪ್ರಯೋಗಗಳನ್ನೆಲ್ಲ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ ಸರ್ವರ್‌ನಲ್ಲಿ ನಡೆಸಿ, ಏಕೆಂದರೆ ಮುಖ್ಯ ಸರ್ವರ್‌ನಲ್ಲಿ ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ 5 ಪ್ರಮಾಣಪತ್ರಗಳ ಮಿತಿಯಿದೆ.

ಹೊಸ ಪ್ರಮಾಣಪತ್ರ ಬಂದು, ಕೀಲಿಯೊಂದಿಗೆ ಹ್ಯಾಶ್ ಹೊಂದಿ, ಸರಪಳಿ ಸರಿಯಾದ ಕ್ರಮದಲ್ಲಿ ಸೇರಿ, ರೀಲೋಡ್ ಆಗಿ, ಹೊರಗಿನ ಯಂತ್ರದಲ್ಲಿ ಹೊಸ ಕ್ರಮಸಂಖ್ಯೆಯೂ ಸೊನ್ನೆಯ ರಿಟರ್ನ್ ಕೋಡೂ ಕಂಡ ಮೇಲೆ, ಈಗಿನ ಪ್ರಮಾಣಪತ್ರವನ್ನು ರದ್ದುಗೊಳಿಸುವಂತೆ ಸಂಸ್ಥೆಗೆ ತಿಳಿಸಿ. ಕಾರಣವನ್ನು ಕೇಳುವಲ್ಲಿ ‘ಕೀ ಕಾಂಪ್ರಮೈಸ್’ ಎಂಬುದನ್ನೇ ಆರಿಸಿ. ಹಾಗೆ ತಿಳಿಸಿದ 24 ಗಂಟೆಯೊಳಗೆ ಅವರು ಅದನ್ನು ರದ್ದುಗೊಳಿಸಲೇಬೇಕೆಂಬ ನಿಯಮವಿದೆ. ಅದಕ್ಕಾಗಿಯೇ ಹೊಸದು ಹೊರಗೆ ಕಾಣಿಸಿಕೊಳ್ಳುವ ತನಕ ರದ್ದತಿಯ ಮನವಿಯನ್ನು ಕಳುಹಿಸಬೇಡಿ. ಆದರೆ ಕಾಣಿಸಿಕೊಂಡ ದಿನವೇ ಕಳುಹಿಸಿ.